ಬ್ಯಾರೆ ಅನ್ನೋದು, ಬ್ಯಾರೆ ಮಾಡೋದು

ನನ್ನ ತಮ್ಮನ ಮಗಳು ಅಕ್ಕಲಕೋಟೆಯಲ್ಲಿ ಕನ್ನಡ ಮಾಧ್ಯಮದ ಹತ್ತನೆಯ ಇಯತ್ತೆ. ರವಿವಾರಕ್ಕೊಮ್ಮೆ ಇಂಗ್ಲಿಷ್ ವಹಿ ಹಿಡಿದುಕೊಂಡು ಸೊಲ್ಲಾಪುರದ ನಮ್ಮ ಮನೆಗೆ ಬರುತ್ತಾಳೆ. ಹೋದ ವಾರ ತಂದ ವಹಿಯಲ್ಲಿ ‘ಡಿಸ್ಟಿಂಗ್ವಿಶ್’ ಎಂಬ ಪದ ಹಾಕಿ ವಾಕ್ಯ ಮಾಡಿದ್ದಳು. ‘ವಿ ಕೆನಾಟ್ ಡಿಸ್ಟಿಂಗ್ವಿಶ್ ಬಿಟ್ವೀನ್ ಮಿಲ್ಕ್ ಫ್ರಮ್ ವಾಟರ್.’ ಅದರ ಮೇಲೆ ಕೆಂಪು ಗೆರೆ.

“ಕಾಕಾ, ಬಿಟ್ವೀನ್ ಹಾಕೀನಿ, ಫ್ರಮ್ಮೂ ಹಾಕೀನಿ. ಇನ್ನೇನ ಕಮ್ಮಿ ಆತು?”

“ಕಮ್ಮಿ ಏನೂ ಆಗಿಲ್ಲವ್ವ, ಹೆಚ್ಚಾಗೇತಿ” ಅಂದೆ.

ಗದಗ, ವಿಜಯಪುರದ ಕಡೆಯ ಗಾಡಿ ಮೀಟರ್ ಗೇಜ್ ಮೇಲೆ ಓಡುತ್ತಿದ್ದ ಕಾಲವನ್ನು ಅವಳಿಗೆ ಹೇಳಿದೆ. ಆ ಗಾಡಿ ಹೊಟಗಿಗೆ ಬಂದರೂ ಮುಂದಿನ ಬ್ರಾಡ್ ಗೇಜ್ ಹಳಿಯ ಮೇಲೆ ಹತ್ತುವಂತಿರಲಿಲ್ಲ. ಮಂದಿ ಗಂಟುಮೂಟೆ ಹೊತ್ತು ಗಾಡಿ ಬದಲಿಸಬೇಕಿತ್ತು. ಈ ಕ್ರಿಯಾಪದಕ್ಕೂ ಎರಡು ಹಳಿ. ಒಂದರ ಮೇಲೆ ‘ಬಿಟ್ವೀನ್’ ಹೊರಟರೆ ‘ಆಂಡ್’ಗೇ ಹೋಗಿ ನಿಲ್ಲಬೇಕು, ಹಾಲು ಮತ್ತು ನೀರು. ಇನ್ನೊಂದರಲ್ಲಿ ‘ಬಿಟ್ವೀನ್’ ಇಲ್ಲವೇ ಇಲ್ಲ, ‘ಫ್ರಮ್’ ಒಂದೇ, ಹಾಲನ್ನು ನೀರಿನಿಂದ. ಒಂದು ಹಳಿಯ ಮೇಲೆ ಹತ್ತಿ ಇನ್ನೊಂದರ ಮೇಲೆ ಇಳಿಯಲು ಆಗುವುದಿಲ್ಲ.

ತಪ್ಪು ಅವಳೊಬ್ಬಳದಲ್ಲ. ನಮ್ಮ ಕಡೆಯ ಪರೀಕ್ಷೆಯ ಭಾಷೆ ಇಂಥ ಕ್ರಿಯಾಪದದ ಗೊಡವೆಗೇ ಹೋಗುವುದಿಲ್ಲ. ಮರಾಠಿ ಪ್ರಶ್ನೆಪತ್ರಿಕೆಯಲ್ಲಿ ‘ಫರಕ್ ಸ್ಪಷ್ಟ ಕರಾ’, ಕನ್ನಡದಲ್ಲಿ ‘ವ್ಯತ್ಯಾಸ ಬರೆಯಿರಿ’. ಎರಡರಲ್ಲೂ ಇರುವುದು ಒಂದು ನಾಮಪದ, ಅದಕ್ಕೆ ಕಟ್ಟಿದ ‘ಮಾಡು’, ‘ಬರೆ’. ಅರಬ್ಬಿಯ ಆ ಫರಕು ಮರಾಠಿಗೂ ಬಂತು, ನಮ್ಮ ಬಾಯಿಗೂ ಬಂತು. ‘ಏನ ಫರಕ ಬೀಳತೈತಿ ಬಿಡ್ರಿ’ ಅಂದರೆ ಸೊಲ್ಲಾಪುರದ ಯಾವ ಓಣಿಯಲ್ಲೂ ಅರ್ಥ ಹೇಳಬೇಕಾಗಿಲ್ಲ.

ಹಾಗಾದರೆ ಡಿಸ್ಟಿಂಗ್ವಿಶ್‌ಗೆ ಕನ್ನಡದ ಕ್ರಿಯಾಪದ ಯಾವುದು? ಅನುವಾದ ಮಾಡುವವರ ಕೈ ಮೊದಲು ಹೋಗುವುದು ‘ಬೇರ್ಪಡಿಸು’ ಕಡೆಗೆ. ನಾನೂ ಒಂದು ಕಾಲಕ್ಕೆ ಹಾಗೇ ಬರೆದು ಪೆಟ್ಟು ತಿಂದವನು. ಒಂದು ಕತೆಯ ಅನುವಾದದಲ್ಲಿ ‘ಆ ಅವಳಿ ಮಕ್ಕಳನ್ನು ಬೇರ್ಪಡಿಸಲು ಹೆತ್ತ ತಾಯಿಯಿಂದಲೂ ಆಗುತ್ತಿರಲಿಲ್ಲ’ ಎಂದು ಬರೆದಿದ್ದೆ. ಓದಿದ ಗೆಳೆಯರು, “ಆಪರೇಶನ್ ಯಾವಾಗ್ರಿ?” ಎಂದು ಕೇಳಿದರು. ಮಕ್ಕಳ ಮೈ ಅಂಟಿಕೊಂಡಿರಲಿಲ್ಲ, ಮುಖ ಒಂದೇ ಥರ ಇದ್ದವು ಅಷ್ಟೇ. ‘ಯಾರು ಯಾರೆಂದು ಹೆತ್ತ ತಾಯಿಗೂ ಗೊತ್ತಾಗುತ್ತಿರಲಿಲ್ಲ’ ಎಂದಿದ್ದರೆ ಮುಗಿದಿತ್ತು. ಬೇರೆ ಎಂದು ಅರಿಯುವ ಕೆಲಸ ಕಣ್ಣಿನದು, ಬೇರೆ ಮಾಡುವ ಕೆಲಸ ಕೈಯದು. ‘ಬೇರ್ಪಡಿಸು’ ಕೈಯ ಮಾತು. ‘ಪ್ರತ್ಯೇಕಿಸು’ ಕೂಡ ಅದೇ ಜಾತಿ, ಮೈಮೇಲೆ ಸಂಸ್ಕೃತದ ಶಾಲು ಒಂದು ಹೆಚ್ಚು.

ಕೈಯ ಮಾತುಗಳಿಗೆ ಕನ್ನಡದಲ್ಲಿ ಬರವಿಲ್ಲ. ಈ ಪಾಠ ನಡೆದಾಗ ಪಡಸಾಲೆಯಲ್ಲಿ ನಮ್ಮ ಆಯಿ ಮೊರ ಹಿಡಿದು ಕೂತಿದ್ದಳು. ಎದುರಿಗೆ ಮಾಲದಂಡಿ ಜೋಳ. ನಮ್ಮ ಜಿಲ್ಲೆಯ ಮೋಹೋಳದ ಸಂಶೋಧನಾ ಕೇಂದ್ರದಲ್ಲಿ ಆರಿಸಿ ತೆಗೆದ ತಳಿ ಅದು. ಜೋಳ ರಾಶಿಯಿಂದ ರೊಟ್ಟಿಗೆ ಬರುವುದರೊಳಗೆ ಎಷ್ಟು ಕ್ರಿಯಾಪದ ದಾಟುತ್ತದೆ ನೋಡಿ. ಕಣದಲ್ಲಿ ಗಾಳಿಗೆ ಹಿಡಿದರೆ ತೂರುವುದು. ಮೊರದಲ್ಲಿ ಎತ್ತಿ ಹಾಕಿದರೆ ಕೇರುವುದು. ಕೂತು ಬೆರಳಿನಿಂದ ಕಲ್ಲುಕಸ ಆರಿಸಿದರೆ ಹಸನ ಮಾಡುವುದು. ಬೀಸಿಕೊಂಡು ಬಂದ ಹಿಟ್ಟನ್ನು ಜರಡಿಗೆ ಹಾಕಿದರೆ ಸಾಣಿಸುವುದು. ಜೊಳ್ಳು ಹಗುರ, ಅದಕ್ಕೆ ಗಾಳಿ. ಕಲ್ಲು ಕಾಳಿನಷ್ಟೇ ದಪ್ಪ, ಅದಕ್ಕೆ ಬೆರಳು. ತೌಡು ದಪ್ಪ, ಹಿಟ್ಟು ಸಣ್ಣ, ಅದಕ್ಕೆ ಜರಡಿ. ಏನನ್ನು ಯಾತರಿಂದ ತೆಗೆಯಬೇಕು ಎನ್ನುವುದರ ಮೇಲೆ ಕ್ರಿಯಾಪದ ನಿಲ್ಲುತ್ತದೆ. ಆಯಿಯ ಮುಂದೆ ‘ಜೋಳವನ್ನು ಕಲ್ಲಿನಿಂದ ಪ್ರತ್ಯೇಕಿಸು’ ಅಂದರೆ ಅವಳು ಮೊರ ಕೆಳಗಿಟ್ಟು ನನ್ನ ಮುಖ ನೋಡಿಯಾಳು.

ಕಣ್ಣಿನ ಕೆಲಸಕ್ಕೆ ‘ಗುರುತಿಸು’ ವಾಸಿ. ಇಂಗ್ಲಿಷ್ ಪದದ ಬೇರಿಗೂ ಅದು ಹತ್ತಿರ. ಲ್ಯಾಟಿನ್ ಮೂಲದಲ್ಲಿ ಚುಚ್ಚಿ ಗುರುತು ಮಾಡುವ ಅರ್ಥ ಇದೆ ಎನ್ನುತ್ತಾರೆ ನಿರುಕ್ತ ಬಲ್ಲವರು. ನನಗೆ ನೆನಪಾಗುವುದು ಅಗಸರು ಬಟ್ಟೆಯ ಮೂಲೆಗೆ ಹಾಕುತ್ತಿದ್ದ ಕೇರುಬೀಜದ ಕರಿ ಚುಕ್ಕೆ. ಮರಾಠಿಯವರ ಬಿಬ್ಬಾ. ಎಷ್ಟು ಒಗೆದರೂ ಹೋಗದ ಆ ಚುಕ್ಕೆಯಿಂದ ಹತ್ತು ಮನೆಯ ಬಿಳಿ ಧೋತರ ತಮ್ಮ ತಮ್ಮ ಮನೆಗೆ ಹೋಗುತ್ತಿದ್ದವು. ಮೊರದ ಕೇರು ಬೇರೆ, ಬೀಜದ ಕೇರು ಬೇರೆ, ಅದನ್ನೂ ಗುರುತಿಸಬೇಕು!

ಸೊಲ್ಲಾಪುರದ ಚಾದರಕ್ಕೂ ಇವತ್ತು ಇಂಥದೊಂದು ಚುಕ್ಕೆ ಬೇಕಾಗಿದೆ. ಮಹಾರಾಷ್ಟ್ರದ ಸರಕುಗಳಲ್ಲಿ ಮೊದಲು ಜಿಐ ಗುರುತು ಪಡೆದದ್ದು ಅದೇ. ಊರಿನ ಹೆಸರನ್ನು ಬೇರೆ ಊರಿನ ಮಾಲಿಗೆ ಹಚ್ಚದಂತೆ ಕಾಯುವ 1999ರ ಕಾಯ್ದೆ ಅದಕ್ಕೆ ಆಸರೆ. ಆದರೂ ನಕಲಿ ಬರುವುದು ನಿಂತಿಲ್ಲ. ನವೀ ಪೇಠೆಯ ಅಂಗಡಿಕಾರರೊಬ್ಬರು ಆಳಿಗೆ ತೆಲುಗಿನಲ್ಲಿ, ಪಕ್ಕದ ಗಿರಾಕಿಗೆ ಮರಾಠಿಯಲ್ಲಿ ಮಾತಾಡುತ್ತಲೇ ನನಗೆ ಎರಡು ಚಾದರ ಹಾಸಿ ತೋರಿಸಿದರು. “ಹೆಸರ ಹಚ್ಚೂದು ಯಾರಿಗೂ ಬರತೈತ್ರಿ. ನೀವು ಕೈಯಾಗ ಹಿಡದ ತೂಕ ನೋಡ್ರಿ.” ಅವರು ಕೈಗೆ ಕೊಟ್ಟ ಅಸಲಿ ಚಾದರ ತಿರುಗಿಸಿದರೆ ಹಿಂದೆಯೂ ಅದೇ ನವಿಲು, ಬಣ್ಣ ಮಾತ್ರ ಅದಲು ಬದಲು.

ಗುರುತಿಸುವುದಕ್ಕೆ ಒಬ್ಬ ದಾಯಾದಿಯೂ ಇದ್ದಾನೆ. ‘ಡಿಸ್ಕ್ರಿಮಿನೇಟ್’ ಎಂದರೆ ಮೊದಲು ಇದೇ ಅರ್ಥ, ಇದು ಅದಲ್ಲ ಎಂದು ಸೂಕ್ಷ್ಮವಾಗಿ ಅರಿಯುವುದು. ಇಂದಿಗೂ ರುಚಿ ಬಲ್ಲ ಓದುಗನನ್ನು ಆ ಪದದಿಂದಲೇ ಹೊಗಳುತ್ತಾರೆ. ಜನರನ್ನು ಕೀಳಾಗಿ ಕಾಣುವ ಅರ್ಥ ಅದಕ್ಕೆ ಆಮೇಲೆ ಹತ್ತಿತು. ನಮ್ಮ ‘ತಾರತಮ್ಯ’ದ ಜಾತಕವೂ ಹಾಗೇ. ಸಂಸ್ಕೃತದ ‘ತರ’, ‘ತಮ’ ಎಂಬ ಪ್ರತ್ಯಯಗಳಿಂದ ಹುಟ್ಟಿದ್ದು, ಹೆಚ್ಚು, ಎಲ್ಲಕ್ಕಿಂತ ಹೆಚ್ಚು ಎಂಬ ಅಳತೆ. ಮಧ್ವಮತದಲ್ಲಿ ಜೀವರ ಮೆಟ್ಟಿಲುಗಳನ್ನು ಹೇಳುವ ಸಿದ್ಧಾಂತದ ಹೆಸರು ಅದು. ಹಿರಿಯರು ಬಯ್ಯುವಾಗ ‘ತರತಮ ಜ್ಞಾನ ಇಲ್ಲ’ ಅನ್ನುತ್ತಿದ್ದರು, ಇಲ್ಲದ್ದಕ್ಕೆ ಬೈಗುಳ. ಇಂದು ಪತ್ರಿಕೆಯಲ್ಲಿ ‘ತಾರತಮ್ಯ’ ಎಂದರೆ ಇದ್ದದ್ದಕ್ಕೆ ಬೈಗುಳ. ಅದಕ್ಕಿಂತ ನೇರವಾದ ಹಳೆಯ ಮಾತು ‘ಪಂಕ್ತಿಭೇದ’. ಊಟಕ್ಕೆ ಕೂತವರಲ್ಲಿ ಒಬ್ಬರಿಗೆ ತುಪ್ಪ, ಒಬ್ಬರಿಗೆ ಬರೀ ಸಾರು. ಸಕ್ಕರೆ ಕಾಯಿಲೆಯವರ ಎಲೆಗೆ ಹೋಳಿಗೆ ಹಾಕದಿದ್ದರೆ ಅದನ್ನು ಯಾರೂ ಪಂಕ್ತಿಭೇದ ಅನ್ನುವುದಿಲ್ಲ.

1952ರಲ್ಲಿ ಅನ್ವರ್ ಅಲಿ ಸರ್ಕಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಪಶ್ಚಿಮ ಬಂಗಾಳದ ವಿಶೇಷ ನ್ಯಾಯಾಲಯಗಳ ಕಾಯ್ದೆಯನ್ನು ತೂಗಿದ್ದೂ ಹೆಚ್ಚುಕಡಿಮೆ ಈ ಎಲೆಯ ನ್ಯಾಯದಿಂದಲೇ. ಜನರನ್ನು ವಿಂಗಡಿಸಬಹುದು. ಆದರೆ ಒಳಗಿಟ್ಟವರನ್ನು ಹೊರಗುಳಿದವರಿಂದ ಗುರುತಿಸುವ ಲಕ್ಷಣ ತಿಳಿಯುವಂತಿರಬೇಕು, ಕಾಯ್ದೆಯ ಉದ್ದೇಶಕ್ಕೂ ಆ ಲಕ್ಷಣಕ್ಕೂ ಸಂಬಂಧ ಇರಬೇಕು. ಆ ಪರೀಕ್ಷೆಯಲ್ಲಿ ಆ ಕಾಯ್ದೆ ನಿಲ್ಲಲಿಲ್ಲ. ಅಂದಿನ ಇಂಗ್ಲಿಷ್ ಸೂತ್ರದಲ್ಲಿರುವುದು ಡಿಸ್ಟಿಂಗ್ವಿಶ್, ಅದರ ಹಿಂದೆ ‘ಫ್ರಮ್’, ಸರಿಯಾದ ಹಳಿಯ ಮೇಲೆ.

ಗಡಿಯ ಮಂದಿಗೆ ಇದು ಬರೀ ವ್ಯಾಕರಣವಲ್ಲ. 1967ರ ಮಹಾಜನ ಆಯೋಗದ ವರದಿ ಅಕ್ಕಲಕೋಟೆ ತಾಲ್ಲೂಕು ಕರ್ನಾಟಕಕ್ಕೆ ಸೇರಬೇಕೆಂದಿತು. ಸೇರಲಿಲ್ಲ. ಗೆರೆ ಎಲ್ಲಿ ಎಳೆಯಬೇಕೆಂದು ಇಂದಿಗೂ ವಾದ ನಡೆದಿದೆ, ಅಷ್ಟರಲ್ಲಿ ಗೆರೆಯ ಮೇಲಿನವರು ಎರಡೂ ಭಾಷೆಯಲ್ಲಿ ಸಂತೆ ಮಾಡಿ ಮನೆಗೆ ಬಂದಿದ್ದಾರೆ. 1974ರಲ್ಲಿ ಮಂಡ್ಯದಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದ ಮೊದಲ ಮಹಿಳೆ ಜಯದೇವಿತಾಯಿ ಲಿಗಾಡೆ ಸೊಲ್ಲಾಪುರದವರೇ. ಕನ್ನಡದಲ್ಲೂ ಬರೆದರು, ಮರಾಠಿಯಲ್ಲೂ ಬರೆದರು. ಯಾವುದು ಯಾವುದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದ ಮಾತ್ರಕ್ಕೆ ಒಂದನ್ನು ಬಿಡಲಿಲ್ಲ.

ಗೆರೆಯ ತಮಾಷೆ ಅಂಕಪಟ್ಟಿಯಲ್ಲೂ ಇದೆ. ಮಹಾರಾಷ್ಟ್ರದ ಹತ್ತನೆಯ ಪರೀಕ್ಷೆಯಲ್ಲಿ ನೂರಕ್ಕೆ 75 ಬಂದರೆ ಡಿಸ್ಟಿಂಕ್ಷನ್. ಕರ್ನಾಟಕದ ಎಸ್ಸೆಸ್ಸೆಲ್ಸಿಯಲ್ಲಿ 85 ಬೇಕು. 80 ತೆಗೆದ ಹುಡುಗಿ ಅಕ್ಕಲಕೋಟೆಯಲ್ಲಿ ಪೇಢೆ ಹಂಚುತ್ತಾಳೆ, ಅಷ್ಟೇ ತೆಗೆದ ಅವಳ ಮಾವನ ಮಗಳು ಆಳಂದದಲ್ಲಿ ಬರೀ ಫಸ್ಟ್ ಕ್ಲಾಸು. ಗುರುತು ಹುಡುಗಿಯಲ್ಲಿತ್ತೋ, ಗೆರೆಯಲ್ಲಿತ್ತೋ?

ಇಷ್ಟು ಕೊರೆದದ್ದು ಸಾಕೆಂದು ಆಯಿ ಒಳಗಿನಿಂದ ಕೂಗಿದಳು. “ಪೋರಿ, ಚಹಾ ಘೇ, ತಣ್ಣಗಾಗತೈತಿ.”

“ಆಯಿ, ನೀ ಈಗ ಆಡಿದ್ದು ಮರಾಠಿನೋ ಕನ್ನಡನೋ?”

“ಚಹಾದ್ದ ಮಾತ ಆಡೀನಿ. ಕುಡಿ ಮೊದಲ.”

ಹುಡುಗಿ ಕಪ್ಪು ಪಕ್ಕಕ್ಕಿಟ್ಟುಕೊಂಡು ಕೆಂಪು ಗೆರೆಯ ಕೆಳಗೆ ಹೊಸ ವಾಕ್ಯ ಬರೆದಳು. ‘ಐ ಕೆನ್ ಡಿಸ್ಟಿಂಗ್ವಿಶ್ ಕನ್ನಡ ಫ್ರಮ್ ಮರಾಠಿ. ಮೈ ಗ್ರ್ಯಾಂಡ್‌ಮದರ್ ಆಲ್ಸೋ ಕೆನ್, ಬಟ್ ಶಿ ಈಸ್ ಬಿಝಿ.’

ಹಳಿ ಸರಿಯಿತ್ತು. ನಾನು ಪೆನ್ನು ಮುಟ್ಟಲಿಲ್ಲ.