ತಡವಾಗಿ ಬಂದವನ ಚರಿತ್ರೆ

ಕರ್ನಾಟಕದ ಚರಿತ್ರೆ ಪಾಠ ಮಾಡುವಾಗ 1947, 1956, 1973 ಎಂದು ಬೋರ್ಡಿನ ಮೇಲೆ ಬರೆಯುತ್ತೇವೆ. ಊರಿನ ತೋಟಿಯಾಗಿದ್ದ ನನ್ನ ತಾತನ ಬದುಕನ್ನು ತಿರುಗಿಸಿದ ಇಸವಿಗಳು ಬೇರೆ. ಅವು ತಾಲ್ಲೂಕು ಕಚೇರಿಯ ಕಡತದಲ್ಲಿವೆ.

1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಜಾರಿಯಾದದ್ದು 1963ರ ಫೆಬ್ರವರಿ 1ರಂದು. ಪಟೇಲ, ಶಾನುಭೋಗ, ತೋಟಿ, ತಳವಾರ, ವಂಶಪಾರಂಪರ್ಯದ ಹುದ್ದೆಗಳೆಲ್ಲ ಒಂದೇ ದಿನ ಹೋದವು. ಆದರೆ ಸತ್ತ ದನ ಎಳೆಯೋಕೆ, ಸಾವಿನ ಸುದ್ದಿ ಹೊತ್ತು ಊರೂರು ನಡೆಯೋಕೆ ಮಾರನೇ ದಿನವೂ ಕರೆ ಬಂತು. ಹೋದ. ಹೋಗದಿದ್ದರೆ ಸುಗ್ಗಿಯಲ್ಲಿ ಕಣದ ಕಾಳು ಸಿಗುತ್ತಿರಲಿಲ್ಲ.

1971ರಲ್ಲಿ ಗೋಮಾಳದಲ್ಲಿ 2 ಎಕರೆ ಮಂಜೂರಾಯಿತು. ಸಾಗುವಳಿ ಚೀಟಿಯಲ್ಲಿ ಪರಭಾರೆ ಮಾಡಕೂಡದು ಎಂಬ ಷರತ್ತಿತ್ತು. ಓದು ಬಾರದ ತಾತನಿಗೆ ಅದನ್ನು ಯಾರೂ ಓದಿ ಹೇಳಲಿಲ್ಲ. 1976ರಲ್ಲಿ, ಅಂದರೆ ರಾಜ್ಯದಲ್ಲಿ ಋಣ ಪರಿಹಾರ ಕಾಯ್ದೆ ಬಂದ ವರ್ಷವೇ, ಹಳೇ ಪಟೇಲರ ಮನೆಯ ಸಾಲಕ್ಕೆ ಆ ಭೂಮಿ ಹೋಯಿತು. ಕ್ರಯಪತ್ರದಲ್ಲಿ ಹೆಬ್ಬೆಟ್ಟಿದೆ. ಆಮೇಲೆ ಅದೇ ಹೊಲದಲ್ಲಿ ಅವನು ಕೂಲಿ ಮಾಡಿದ.

ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆ ನಿಷೇಧಿಸುವ 1978ರ ಕಾಯ್ದೆ, ನಾವು ಪಿಟಿಸಿಎಲ್ ಅನ್ನೋದು, 1979ರ ಜನವರಿ 1ರಿಂದ ಜಾರಿಗೆ ಬಂತು. ಷರತ್ತು ಮುರಿದ ಹಳೆಯ ಕ್ರಯಗಳೂ ಅನೂರ್ಜಿತ, ಜಮೀನು ಮೂಲ ಮಂಜೂರಿದಾರನಿಗೆ ವಾಪಸು. 1984ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. (ತೋಟಿ ಇನಾಮಿನಂಥ ವಂಶಪಾರಂಪರ್ಯ ಹುದ್ದೆಯ ಭೂಮಿಯನ್ನು ಮಾತ್ರ ಕಾಯ್ದೆ ಹೊರಗಿಟ್ಟಿತು. ಬಿಟ್ಟಿ ಚಾಕರಿ ಮಾಡಿ ಉಳಿಸಿಕೊಂಡ ನೆಲಕ್ಕೇ ರಕ್ಷಣೆ ಇಲ್ಲ.) ತಾತನ 2 ಎಕರೆ ದರಖಾಸ್ತಿನದು, ಕಾಯ್ದೆಯ ಒಳಗೇ ಇತ್ತು. ಆದರೂ ಅವನು ಅರ್ಜಿ ಹಾಕಲಿಲ್ಲ.

ಯಾಕೆ? ನಮ್ಮ ವಿಮರ್ಶೆಗೆ ‘ದಲಿತನ ಮೌನ’ ಎಂದ ಕೂಡಲೇ ಅದರಲ್ಲಿ ಏನೋ ಗಹನವಾದದ್ದನ್ನು ಹುಡುಕುವ ಚಾಳಿ ಇದೆ. ಇಲ್ಲಿ ಮೌನದ ಕಾರಣ ರಾಗಿ. ಯಾರ ಮೇಲೆ ಅರ್ಜಿ ಹಾಕಬೇಕಿತ್ತೋ ಅವರ ಮನೆಯಲ್ಲೇ ತಾತ, ಅಜ್ಜಿ, ಇಬ್ಬರು ಮಕ್ಕಳು ದುಡಿಯುತ್ತಿದ್ದರು. ಕೇರಿಯಿಂದ ಬಾವಿಗೆ ಹೋಗುವ ದಾರಿಯೂ ಅವರ ಹೊಲದಲ್ಲೇ ಇತ್ತು. ಅಪ್ಪ ಪಟ್ಟಣದಲ್ಲಿ ಕೆಲಸ ಹಿಡಿದು, ಮನೆಯವರೆಲ್ಲ ಆ ಚಾಕರಿ ಬಿಟ್ಟ ಮೇಲೆ, 2009ರಲ್ಲಿ ಅರ್ಜಿ ಬಿತ್ತು. ಅಷ್ಟರಲ್ಲಿ ತಾತ ಇರಲಿಲ್ಲ.

2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದ ತೀರ್ಪು ಬಂತು: ಅರ್ಜಿ ಸಮಂಜಸ ಕಾಲಾವಧಿಯೊಳಗೆ ಬರಬೇಕು. ಅದನ್ನೇ ಹಿಡಿದು ರಾಜ್ಯದ ಎಷ್ಟೋ ಅರ್ಜಿಗಳು ಬಿದ್ದವು, ನಮ್ಮದೂ ಬಿತ್ತು. ಸಮಂಜಸ ಅಂದರೆ ಯಾರ ಲೆಕ್ಕದಲ್ಲಿ? ಕೋರ್ಟು ಕಾಲವನ್ನು ಕ್ರಯಪತ್ರದ ತಾರೀಖಿನಿಂದ ಎಣಿಸುತ್ತದೆ. ಜೀತದ ಮನೆಯಿಂದ ಹೊರಬಿದ್ದ ದಿನದಿಂದ ಎಣಿಸಿದರೆ ನಾವು ತಡ ಮಾಡಿಯೇ ಇಲ್ಲ. ಆ ದಿನ ಮಾತ್ರ ಯಾವ ರಿಜಿಸ್ಟರಿನಲ್ಲೂ ನಮೂದಾಗುವುದಿಲ್ಲ.

ಕಾಲಮಿತಿ ಅನ್ವಯಿಸದು ಎಂದು 2023ರಲ್ಲಿ, ಹೋರಾಟಗಳ ನಂತರ, ಕಾಯ್ದೆಗೆ ತಿದ್ದುಪಡಿ ಬಂತು. ಬಾಕಿ ಇರುವ ಪ್ರಕರಣಗಳಿಗೂ ಅದು ಅನ್ವಯ. ನಮ್ಮ ಮೇಲ್ಮನವಿ ಜಿಲ್ಲಾಧಿಕಾರಿಯ ಮುಂದಿದೆ. ಎದುರುದಾರರ ತಕರಾರಿನ ಮೊದಲ ಸಾಲು ಈಗಲೂ ಅದೇ: ಮೇಲ್ಮನವಿದಾರರ ಪೂರ್ವಿಕರು ಮೂವತ್ತು ವರ್ಷ ಸುಮ್ಮನಿದ್ದರು.