ಪೊಟ್ಟಣದ ಅವಲಕ್ಕಿ

ನಾನು ಸಂಶೋಧನೆಗೆ ಕೂರುವ ವಿಭಾಗದ ಕೋಣೆಯಲ್ಲಿ ಫ್ರಿಡ್ಜ್ ಇಲ್ಲ. ಕ್ಯಾಂಟೀನು ಮಧ್ಯಾಹ್ನ ಮೂರಕ್ಕೆಲ್ಲ ಮುಚ್ಚುತ್ತದೆ. ಹಾಗಾಗಿ ಮೇಜಿನ ಖಾನೆಯಲ್ಲಿ ಒಂದು ಸ್ಟೀಲ್ ಡಬ್ಬಿ ಇಟ್ಟುಕೊಂಡಿದ್ದೇನೆ. ಅದರಲ್ಲಿ ಹುರಿದ ಅವಲಕ್ಕಿ, ಹುರಿದ ನೆಲಗಡಲೆ, ಒಂದು ತುಂಡು ಬೆಲ್ಲ. ಸಹಪಾಠಿಯೊಬ್ಬಳು ನೋಡಿ, "ಎಂಥ ಮಾರಾಯ್ತಿ, ಡಯಟ್ಟಾ?" ಎಂದು ನಕ್ಕಳು. ನಾನೂ ನಕ್ಕೆ. ಆದರೆ ಇದನ್ನು ನಾನು ಯಾವ ಡಯಟ್ ಪುಸ್ತಕದಿಂದಲೂ ಕಲಿತದ್ದಲ್ಲ. ಕುಂದಾಪುರದ ಕಡೆಯ ಗೇರುಬೀಜ ಕಾರ್ಖಾನೆಯೊಂದರಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬೀಜ ಒಡೆದ ನನ್ನ ಅಮ್ಮಮ್ಮ ಕೆಲಸಕ್ಕೆ ಒಯ್ಯುತ್ತಿದ್ದದ್ದು ಇದನ್ನೇ.

ಕರಾವಳಿಯ ದುಡಿಮೆಯ ಚರಿತ್ರೆ ನನ್ನ ಅಧ್ಯಯನದ ವಿಷಯ. ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಈ ಕರಾವಳಿಯಲ್ಲಿ ಹಂಚು, ಬೀಡಿ, ಗೇರುಬೀಜ ಎಂದು ಒಂದರ ಹಿಂದೆ ಒಂದು ಕೆಲಸ ಬಂತು. ನಾನು ಈವರೆಗೆ ಓದಿದ ಕಡತಗಳಲ್ಲಿ ಉತ್ಪಾದನೆಯ ಲೆಕ್ಕ ಇದೆ, ಕೂಲಿಯ ಲೆಕ್ಕ ಇದೆ. ಆದರೆ ದುಡಿದವರು ನಡುಹಗಲಿಗೆ ಏನು ತಿಂದರು ಎಂಬ ಸಾಲು ಒಂದೂ ಸಿಗಲಿಲ್ಲ.

ಕಾನೂನಿನಲ್ಲಿ ಮಾತ್ರ ಊಟದ ಪ್ರಸ್ತಾಪ ಇದೆ. ಐದು ಗಂಟೆ ದುಡಿಮೆಯ ನಂತರ ಕನಿಷ್ಠ ಅರ್ಧ ಗಂಟೆ ಬಿಡುವು ಕೊಡಬೇಕೆಂದು 1948ರ ಕಾರ್ಖಾನೆ ಕಾಯ್ದೆ ಹೇಳಿತು. 150ಕ್ಕಿಂತ ಹೆಚ್ಚು ಜನ ದುಡಿಯುವಲ್ಲಿ ಊಟದ ಕೋಣೆ ಕಡ್ಡಾಯವಾಯಿತು. ಕ್ಯಾಂಟೀನಿನ ಮಾತು ಬಂದದ್ದು ಕಾರ್ಮಿಕರ ಸಂಖ್ಯೆ 250 ದಾಟಿದಲ್ಲಿ. ಕಾರ್ಮಿಕರ ಸಂಖ್ಯೆ 150 ದಾಟದ ಕಾರ್ಖಾನೆಯ ಹೆಂಗಸರು ಎಲ್ಲಿ ಕೂತು ಉಣ್ಣಬೇಕೆಂಬುದು ಅವರವರಿಗೇ ಬಿಟ್ಟದ್ದು.

ಬಿಡುವನ್ನು ಅಮ್ಮಮ್ಮನ ಬಳಿ ಕೇಳಿದಾಗ ಅವಳು, "ಕೂಕಂಡ್ ಉಂಬುಕೆ ಪುರ್ಸೊತ್ತ್ ಎಲ್ಲಿತ್ತ್ ಮಗಾ?" ಎಂದಳು. ಒಡೆದ ಬೀಜಕ್ಕೆ ಕಿಲೋ ಲೆಕ್ಕದಲ್ಲಿ ಕೂಲಿ. ಊಟಕ್ಕೆ ಎದ್ದರೆ ಅಷ್ಟು ಕೂಲಿ ಕಡಿಮೆ. ಕೈಯ ತೊಂದರೆ ಬೇರೆ. ಗೇರುಬೀಜದ ಸಿಪ್ಪೆಯೊಳಗಿನ ಎಣ್ಣೆ ಚರ್ಮ ಸುಡುತ್ತದೆ. ಅದಕ್ಕೆಂದು ಬೂದಿಯನ್ನೋ ಎಣ್ಣೆಯನ್ನೋ ಹಚ್ಚಿಕೊಂಡು ಒಡೆಯಬೇಕು. ಆ ಕೈ ತೊಳೆದು, ಅನ್ನ ಕಲಸಿ, ಉಂಡು, ಮತ್ತೆ ಬೂದಿ ಹಚ್ಚಿಕೊಳ್ಳುವಷ್ಟರಲ್ಲಿ ಹೊತ್ತು ಹೋಗುತ್ತದೆ. ಅಮ್ಮಮ್ಮ ಕಾಗದದ ಪೊಟ್ಟಣ ಬಿಚ್ಚಿ, ಕೈ ತಾಗಿಸದೆ ಅವಲಕ್ಕಿಯನ್ನು ನೇರ ಬಾಯಿಗೆ ಸುರಿದುಕೊಳ್ಳುತ್ತಿದ್ದಳಂತೆ. ಮೇಲೊಂದು ಚೊಂಬು ನೀರು.

ನಮ್ಮ ಮನೆಯಲ್ಲಿ ಬೆಳಿಗ್ಗೆ ತಿನ್ನುವ ಅವಲಕ್ಕಿಗೆ ಕಾಯಿತುರಿ ಬೀಳಲೇಬೇಕು. ಕೆಲಸಕ್ಕೆ ಒಯ್ಯುವ ಅವಲಕ್ಕಿಗೆ ಕಾಯಿ ಹಾಕುತ್ತಿರಲಿಲ್ಲ, ಏಕೆಂದರೆ ಈ ಸೆಕೆಯಲ್ಲಿ ಹಸಿ ಕಾಯಿ ಮಧ್ಯಾಹ್ನಕ್ಕೇ ಹಳಸುತ್ತದೆ. ಭತ್ತವನ್ನು ನೆನೆಸಿ, ನೀರು ಬಸಿದು, ಹುರಿದು, ಬಿಸಿಯಿರುವಾಗಲೇ ಕುಟ್ಟಿದರೆ ಅವಲಕ್ಕಿ. ಅಂದರೆ ಅದು ಆಗಲೇ ಬೆಂದ ಆಹಾರ, ಒಲೆ ಬೇಡ. ತೇವ ಹೋಗಿರುವುದರಿಂದ ಬೂಷ್ಟು ಹಿಡಿಯದು. ಮಳೆಗಾಲದಲ್ಲಿ ಮಾತ್ರ ಗಾಳಿಯ ತೇವವನ್ನು ಎಳೆದುಕೊಂಡು ಮೆತ್ತಗಾಗುತ್ತದೆ, ಆಗ ಮತ್ತೊಮ್ಮೆ ಹುರಿಯಬೇಕು. ಕುಂದಾಪುರ, ಬೈಂದೂರು, ಬ್ರಹ್ಮಾವರದ ಮರಳುಮಿಶ್ರಿತ ಗದ್ದೆಗಳಲ್ಲಿ ಭತ್ತದ ಕೊಯ್ಲಿನ ನಂತರ ಬೆಳೆಯುವ ನೆಲಗಡಲೆ ಅವಲಕ್ಕಿಗೆ ಜತೆಯಾಗುತ್ತಿತ್ತು. ಕಹಿಯಾದ ಕಡಲೆಯನ್ನು ನುಂಗದೆ ಉಗಿಯಬೇಕೆಂಬುದು ಅಮ್ಮಮ್ಮನ ಕಟ್ಟಪ್ಪಣೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಷ್ಟು ಹಿಡಿದ ನೆಲಗಡಲೆ ಹಿಂಡಿ ತಿಂದು ಸಾವಿರಾರು ಟರ್ಕಿ ಕೋಳಿಗಳು ಸತ್ತಾಗ ಅಫ್ಲಾಟಾಕ್ಸಿನ್ ಎಂಬ ವಿಷ ಪತ್ತೆಯಾಯಿತು. ಅವಳಿಗೆ ಆ ಹೆಸರು ಗೊತ್ತಿರಲಿಲ್ಲ.

ಕೆಡದ ಅಕ್ಕಿಗೆ ಈ ನೆಲದಲ್ಲಿ ಉದ್ದದ ಚರಿತ್ರೆಯಿದೆ. ಕುಂದಾಪುರದ ಪಕ್ಕದ ಬಸ್ರೂರನ್ನು ಪೋರ್ಚುಗೀಸರು ಬಾರ್ಸೆಲೋರ್ ಎಂದು ಬರೆದರು. 16 ಮತ್ತು 17ನೇ ಶತಮಾನದಲ್ಲಿ ಅಲ್ಲಿಂದ ಗೋವೆಗೂ ಮಸ್ಕತ್ತಿಗೂ ಅಕ್ಕಿ ಹೋಗುತ್ತಿತ್ತು. ನಮ್ಮ ನಿತ್ಯದ ಕೊಚ್ಚಕ್ಕಿಯೂ ಕೆಡದ ಜಾತಿಯದೇ. ಭತ್ತವನ್ನು ಹೊಟ್ಟಿನೊಡನೆ ಬೇಯಿಸಿ ಒಣಗಿಸುವುದರಿಂದ ಕಾಳು ಗಟ್ಟಿಯಾಗುತ್ತದೆ, ಹೊಟ್ಟಿನಡಿಯ ಸತ್ವ ಕಾಳಿನೊಳಗೆ ಇಳಿಯುತ್ತದೆ. ಈ ಸತ್ವದ ಬೆಲೆ ತಿಳಿದದ್ದರಲ್ಲಿ ಕೂಲಿಗಳ ಪಾಲೂ ಇದೆ. ಮಲಯಾದಲ್ಲಿ ರಸ್ತೆ ಕೆಲಸದವರ ಗುಂಪುಗಳಿಗೆ ಬೇರೆಬೇರೆ ಅಕ್ಕಿ ಕೊಟ್ಟು ನೋಡಿದ ಫ್ರೇಸರ್ ಮತ್ತು ಸ್ಟಾಂಟನ್ ಎಂಬ ವೈದ್ಯರು 1909ರಲ್ಲಿ ತಮ್ಮ ಫಲಿತಾಂಶ ಪ್ರಕಟಿಸಿದರು. ಪಾಲಿಶ್ ಮಾಡಿದ ಬಿಳಿ ಅಕ್ಕಿ ತಿಂದವರಲ್ಲಿ ಬೆರಿಬೆರಿ ಕಾಣಿಸಿತ್ತು, ಕುಚ್ಚಲಕ್ಕಿ ತಿಂದವರಲ್ಲಿ ಇರಲಿಲ್ಲ.

ಇಷ್ಟು ಬರೆದಾಗ ನನಗೆ ಒಳಗೊಳಗೇ ಹೆಮ್ಮೆಯಾಗಿತ್ತು. 'ನಮ್ಮ ಹಿರಿಯರ ಜಾಣ್ಮೆ' ಎಂಬ ತಲೆಬರಹವನ್ನೂ ಹಾಕಿಟ್ಟಿದ್ದೆ. ಅಮ್ಮಮ್ಮನಿಗೆ ಓದಿ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು, ತನಗೆ ಆಗ ಬೇಕಾಗಿದ್ದದ್ದು ಬಿಸಿ ಗಂಜಿ ಎಂದಳು. ಗಂಜಿ, ಒಂದು ಚೂರು ಉಪ್ಪಿನಕಾಯಿ, ಕಾಲು ಚಾಚಿ ಕೂರಲು ಒಂದು ಜಾಗ. ಅವಲಕ್ಕಿಯನ್ನು ಅವಳು ಒಯ್ದದ್ದು ಬೇರೆ ಏನೂ ಆ ಜಾಗಕ್ಕೆ, ಆ ಕೈಗೆ, ಆ ಕೂಲಿಗೆ ಹೊಂದುತ್ತಿರಲಿಲ್ಲ ಎಂದು.

ತಲೆಬರಹ ಅಳಿಸಿದೆ. ಅವಲಕ್ಕಿ, ನೆಲಗಡಲೆ, ಬೆಲ್ಲ ಒಳ್ಳೆಯ ತಿನಿಸೇ. ಬಿಸ್ಕೆಟ್ಟಿಗಿಂತ ಒಳ್ಳೆಯದು, ಫ್ರಿಡ್ಜ್ ಇಲ್ಲದ ಯಾವ ಕಚೇರಿಯಲ್ಲೂ ಇಟ್ಟುಕೊಳ್ಳಬಹುದು. ಆದರೆ ನಾನು ಅದನ್ನು ಆರಿಸಿಕೊಂಡು ತಿನ್ನುತ್ತಿದ್ದೇನೆ, ಅಮ್ಮಮ್ಮನಿಗೆ ಆರಿಸಿಕೊಳ್ಳಲು ಇನ್ನೊಂದು ಇರಲಿಲ್ಲ. ನನ್ನ ಪ್ರಬಂಧದ ಕೂಲಿಯ ಅಧ್ಯಾಯದಲ್ಲಿ ಈಗ ಈ ಪೊಟ್ಟಣಕ್ಕೂ ಒಂದು ಪುಟ ಇದೆ. ಅವಳು ಕೇಳಿದ ಗಂಜಿಯನ್ನೂ ಅದರಲ್ಲಿ ಬರೆದಿದ್ದೇನೆ.