ಸವನ್ನಾ ನದಿಯ ಎರಡು ದಡ

1739ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ಜಾರ್ಜಿಯಾ ವಸಾಹತಿನ ಎಬೆನೆಜರ್ ಎಂಬ ಸಣ್ಣ ಊರಿನವರು ವಸಾಹತಿನ ಮುಖ್ಯಸ್ಥ ಜೇಮ್ಸ್ ಓಗಲ್‌ಥಾರ್ಪ್‌ಗೆ ಒಂದು ಮನವಿ ಬರೆದುಕೊಂಡರು. ಅವರು ಇಂಗ್ಲಿಷರಲ್ಲ. ಇಂದಿನ ಆಸ್ಟ್ರಿಯಾದಲ್ಲಿರುವ ಸಾಲ್ಸ್‌ಬರ್ಗ್ ಸೀಮೆಯಿಂದ, ಪ್ರಾಟೆಸ್ಟೆಂಟರು ಎಂಬ ಕಾರಣಕ್ಕೆ ಹೊರದೂಡಿಸಿಕೊಂಡು ಬಂದ, ಜರ್ಮನ್ ಮಾತಾಡುವ ರೈತಾಪಿ ಜನ. ಮನವಿಯ ಉದ್ದೇಶ ಸರಳವಾಗಿತ್ತು: ಈ ವಸಾಹತಿನೊಳಗೆ ಗುಲಾಮರನ್ನು ತರಲು ಅನುಮತಿ ಕೊಡಬೇಡಿ. ಅದರ ನಡುವೆ ಒಂದು ಕುತೂಹಲದ ಮಾತಿದೆ. ಬಿಳಿಯರು ಭತ್ತ ಬೆಳೆಯುವುದು ಅಸಾಧ್ಯ, ಪ್ರಾಣಕ್ಕೇ ಅಪಾಯ, ಅದೇನಿದ್ದರೂ ಆಫ್ರಿಕನ್ನರ ಕೆಲಸ ಎಂದು ತಾವು ಬಂದ ಹೊಸತರಲ್ಲಿ ಹಲವರು ಹೇಳಿದ್ದರಂತೆ. ಈಗ ಆ ಮಾತು ಕೇಳಿದರೆ ನಗು ಬರುತ್ತದೆ, ಹೋದ ಸುಗ್ಗಿಯಲ್ಲಿ ತಮ್ಮಲ್ಲಿ ಕೆಲವರಿಗೆ ಮನೆಖರ್ಚಿಗೆ ಮಿಕ್ಕಿ ಭತ್ತ ಬಂದಿದೆ ಎಂದು ಅವರು ಬರೆದಿದ್ದರು.

ಎಬೆನೆಜರ್ ಇದ್ದದ್ದು ಸವನ್ನಾ ನದಿಯ ದಡದಲ್ಲಿ. ಆಚೆ ದಡ ದಕ್ಷಿಣ ಕೆರೊಲಿನಾ ವಸಾಹತು. ಎರಡೂ ಕಡೆ ಅದೇ ಜೌಗು, ಅದೇ ಸೆಕೆ, ಅದೇ ಸೊಳ್ಳೆ. ಆಚೆ ದಡದ ವಸಾಹತಿನಲ್ಲಿ ಜನಸಂಖ್ಯೆಯ ಹೆಚ್ಚು ಪಾಲು ಗುಲಾಮರು. ಈಚೆ ದಡದಲ್ಲಿ ಗುಲಾಮಗಿರಿಗೆ ಕಾನೂನಿನ ನಿಷೇಧ. ಅಮೆರಿಕದ ಇಂಗ್ಲಿಷ್ ವಸಾಹತುಗಳಲ್ಲಿ ನೆಲ, ನೀರು, ಹವೆಗಳು ಜನರ ದುಡಿಮೆಯನ್ನು ಎಲ್ಲಿಯವರೆಗೆ ರೂಪಿಸಿದವು, ಎಲ್ಲಿಂದಾಚೆ ಮನುಷ್ಯರೇ ರೂಪಿಸಿದರು ಎಂಬುದನ್ನು ನೋಡಲು ಈ ನದಿಗಿಂತ ಒಳ್ಳೆಯ ಜಾಗವಿಲ್ಲ.

ನೆಲ ರೂಪಿಸಿದ್ದು ಕಡಿಮೆಯೇನಲ್ಲ. ಉತ್ತರದ ನ್ಯೂ ಇಂಗ್ಲೆಂಡಿನಲ್ಲಿ ಹಿಮನದಿಗಳು ಬಿಟ್ಟುಹೋದ ಕಲ್ಲುನೆಲ, ಗಿಡ್ಡ ಬೇಸಿಗೆ. ಹೊಲದಲ್ಲಿ ಆರಿಸಿದ ಕಲ್ಲೇ ಬೇಲಿಗೋಡೆಯಾಗುತ್ತಿತ್ತು. ದೊಡ್ಡ ವಾಣಿಜ್ಯ ಬೆಳೆಗೆ ಅಲ್ಲಿ ದಾರಿಯಿರಲಿಲ್ಲ. ಕುಟುಂಬಗಳು ಚರ್ಚಿನ ಸುತ್ತ ಊರು ಕಟ್ಟಿಕೊಂಡವು, ಕಾಡಿನ ಮರದಿಂದ ಹಡಗು ಕಟ್ಟಿದವು, ಕಡಲಿನ ಕಾಡ್ ಮೀನನ್ನು ಒಣಗಿಸಿ ಮಾರಿದವು. ಮನೆಗಳು ಹತ್ತಿರ ಹತ್ತಿರ ಇದ್ದುದರಿಂದಲೇ 50 ಕುಟುಂಬಗಳಿರುವ ಊರಿಗೆ ಒಬ್ಬ ಮೇಷ್ಟ್ರು ಇರಲೇಬೇಕು ಎಂಬ ಮ್ಯಾಸಚೂಸೆಟ್ಸಿನ 1647ರ ಕಾನೂನು ಸಾಧ್ಯವಾಯಿತು. ದಕ್ಷಿಣಕ್ಕೆ ವರ್ಜೀನಿಯಾದ ಕಥೆಯೇ ಬೇರೆ. ಅಲ್ಲಿ ಜೇಮ್ಸ್, ಯಾರ್ಕ್, ರಾಪಹ್ಯಾನಕ್, ಪೊಟೊಮ್ಯಾಕ್ ನದಿಗಳು ಕಡಲಿನ ಹಡಗನ್ನು ನಾಡಿನ ಒಳಗಿನವರೆಗೂ ಬಿಟ್ಟುಕೊಳ್ಳುತ್ತಿದ್ದವು. ಲಂಡನ್ನಿನ ಹಡಗು ತನ್ನ ಹೊಲದಂಚಿಗೇ ಬಂದು ಹೊಗೆಸೊಪ್ಪಿನ ಪೀಪಾಯಿಗಳನ್ನು ಹೇರಿಕೊಂಡು ಹೋಗುವಾಗ ಜಮೀನ್ದಾರನಿಗೆ ಪೇಟೆ ಏಕೆ ಬೇಕು? 1680ರಿಂದ ಮೇಲಿಂದ ಮೇಲೆ ಕಾನೂನು ಮಾಡಿದರೂ ವರ್ಜೀನಿಯಾದಲ್ಲಿ ಪಟ್ಟಣಗಳು ಸುಲಭಕ್ಕೆ ಬೆಳೆಯಲಿಲ್ಲ. ಹೊಗೆಸೊಪ್ಪು ಮೂರು ನಾಲ್ಕು ವರ್ಷಕ್ಕೆ ನೆಲದ ಸಾರ ಹೀರಿಬಿಡುತ್ತಿತ್ತು. ಹೀಗಾಗಿ ಹೊಸ ಹೊಸ ನೆಲ ಬೇಕು, ಮನೆಗಳು ದೂರ ದೂರ.

ಇನ್ನೂ ಕೆಳಗೆ ಇಳಿದರೆ ಕೆರೊಲಿನಾ. ಚಾರ್ಲ್ಸ್‌ಟೌನ್ ಹುಟ್ಟಿದ್ದು 1670ರಲ್ಲಿ. ಜಿಂಕೆಯ ಚರ್ಮ, ದನ, ಹಡಗಿಗೆ ಬಳಿಯುವ ರಾಳ ಇವುಗಳಿಂದ ಬದುಕುತ್ತಿದ್ದ ವಸಾಹತಿಗೆ ಆ ಶತಮಾನದ ಕೊನೆಯ ಹೊತ್ತಿಗೆ ಭತ್ತ ಸಿಕ್ಕಿತು. ಮೊದಲು ಒಳನಾಡಿನ ಜೌಗುಗಳಲ್ಲಿ ಒಡ್ಡು ಹಾಕಿ, ನೀರು ಕಟ್ಟಿ ಬೆಳೆದರು. ಹದಿನೆಂಟನೆಯ ಶತಮಾನದ ಮಧ್ಯದ ನಂತರ ಗದ್ದೆಗಳು ನದಿಮುಖಗಳತ್ತ ಸರಿದವು. ಅಲ್ಲಿನ ಉಪಾಯ ಜಾಣತನದ್ದು. ಕಡಲಿನ ಭರತ ಬಂದಾಗ ಅದು ನದಿಯ ಸಿಹಿನೀರನ್ನು ಹಿಂದಕ್ಕೆ ತಳ್ಳಿ ಮೇಲೆತ್ತುತ್ತದೆ. ಆಗ ಒಡ್ಡಿನ ತೂಬು ತೆಗೆದರೆ ಗದ್ದೆ ತಾನಾಗಿ ತುಂಬುತ್ತದೆ; ಇಳಿತದ ಹೊತ್ತಿಗೆ ತೆಗೆದರೆ ಬಸಿದುಹೋಗುತ್ತದೆ. ಗದ್ದೆ ಕಡಲಿಗೆ ತೀರ ಹತ್ತಿರವಿದ್ದರೆ ಉಪ್ಪು ನುಗ್ಗಿ ಪೈರು ಸಾಯುತ್ತದೆ, ತೀರ ದೂರವಿದ್ದರೆ ಭರತದ ಒತ್ತಡ ಮುಟ್ಟುವುದಿಲ್ಲ. ನಡುವಿನ ಆ ಪಟ್ಟಿಯಲ್ಲಷ್ಟೇ ಈ ಬೇಸಾಯ.

ಆ ಪಟ್ಟಿಯನ್ನು ಗದ್ದೆ ಮಾಡಿದವರು ಆಫ್ರಿಕದಿಂದ ಹಿಡಿದು ತಂದ ಜನ. ಸೊಂಟಮಟ್ಟದ ನೀರಿನಲ್ಲಿ ನಿಂತು ಸೈಪ್ರಸ್ ಮರ ಕಡಿದು, ಬೇರು ಕಿತ್ತು, ಕೈಯಿಂದಲೇ ಮೈಲಿಗಟ್ಟಲೆ ಒಡ್ಡು ಹಾಕಿದರು. ವಸಂತದಲ್ಲಿ ಬಿತ್ತನೆ, ಬೇಸಿಗೆಯಿಡೀ ಕಳೆ, ಆಮೇಲೆ ಕುಡುಗೋಲಿನ ಕೊಯ್ಲು, ಬಡಿತ. ಚಳಿಗಾಲದಲ್ಲಿ ಎಲ್ಲಕ್ಕಿಂತ ಹೆಚ್ಚು ಜೀವ ಹಿಂಡುವ ಕೆಲಸ: ಮರದ ಒರಳಿನಲ್ಲಿ ಒನಕೆಯಿಂದ ಕುಟ್ಟುವುದು. ಒನಕೆ ಹಿಡಿದ ಕೈ ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಮನೆಯ ಅನ್ನಕ್ಕೆ ಕುಟ್ಟುವುದು ಬೇರೆ, ಯುರೋಪಿಗೆ ಹೋಗುವ ಹಡಗು ತುಂಬಲು ಕುಟ್ಟುವುದು ಬೇರೆ. ಏಟು ಜೋರಾದರೆ ನುಚ್ಚು, ನುಚ್ಚಿಗೆ ಬೆಲೆ ಕಡಿಮೆ. ಕುಟ್ಟಿದ್ದನ್ನು ಹುಲ್ಲಿನ ಸುರುಳಿ ಹೆಣೆದ ಅಗಲ ಬುಟ್ಟಿಗಳಲ್ಲಿ ಕೇರುತ್ತಿದ್ದರು.

ಪಶ್ಚಿಮ ಆಫ್ರಿಕದ ಜನ ಭತ್ತವನ್ನು ಎರಡು ಸಾವಿರ ವರ್ಷಕ್ಕೂ ಹಿಂದಿನಿಂದ ಬೆಳೆದವರು, ಅಲ್ಲಿನದೇ ಬೇರೆ ಜಾತಿಯ ಭತ್ತವಿದೆ. ಕೆರೊಲಿನಾದ ಬೇಸಾಯಕ್ಕೆ ಅವರ ವಿದ್ಯೆಯೇ ಬುನಾದಿ ಎಂದು ಜೂಡಿತ್ ಕಾರ್ನಿ 2001ರ ಪುಸ್ತಕವೊಂದರಲ್ಲಿ ವಾದಿಸಿದರು. ಅದು ಅತಿಯಾಯಿತು ಎಂದು ಬೇರೆ ಇತಿಹಾಸಕಾರರು ಅಂಕಿಅಂಶ ಹಿಡಿದು ಎದುರಿಸಿದರು. ಆ ಚರ್ಚೆ ಹೇಗೇ ಮುಗಿಯಲಿ, ಒರಳು, ಒನಕೆ, ಬುಟ್ಟಿಯ ಕೆಲಸ ಆ ಜನರಿಗೆ ಯಾರೂ ಕಲಿಸಿಕೊಡಬೇಕಾದದ್ದಾಗಿರಲಿಲ್ಲ.

ಭತ್ತದ ಗದ್ದೆ ದಿನಚರಿಯನ್ನೂ ಬೇರೆ ಮಾಡಿತು. ಸೂರ್ಯ ಹುಟ್ಟಿ ಮುಳುಗುವವರೆಗೆ ಗುಂಪಿನಲ್ಲಿ ದುಡಿಸುವುದರ ಬದಲು, ಕೆರೊಲಿನಾದಲ್ಲಿ ಒಬ್ಬೊಬ್ಬರಿಗೆ ದಿನದ ಪಾಲು ಗೊತ್ತು ಮಾಡುವ ಪದ್ಧತಿ ಬೆಳೆಯಿತು. ಸಾಮಾನ್ಯವಾಗಿ ಅದು ಕಾಲು ಎಕರೆ, ಅಂದರೆ ಹತ್ತು ಗುಂಟೆ. ಕಾಲುವೆ, ಬದುಗಳಿಂದ ಗದ್ದೆ ತಾನೇ ತುಂಡಾಗಿರುವುದರಿಂದ ಅಳೆಯುವುದು ಸುಲಭ. ಪಾಲು ಮುಗಿಸಿದ ಮೇಲೆ ಉಳಿದ ಹೊತ್ತು ಅವರದು: ಸಣ್ಣ ತುಂಡು ನೆಲದಲ್ಲಿ ತರಕಾರಿ, ಕೋಳಿ, ಮೀನು. ಇದು ಒಡೆಯನ ಕರುಣೆಯಲ್ಲ, ಊಟದ ಖರ್ಚಿನ ಉಳಿತಾಯ. ಬೇಸಿಗೆ ಬಂತೆಂದರೆ ಮಲೇರಿಯಾಕ್ಕೆ ಹೆದರಿ ಒಡೆಯರ ಸಂಸಾರಗಳು ಚಾರ್ಲ್ಸ್‌ಟೌನಿಗೆ ಹೊರಟುಹೋಗುತ್ತಿದ್ದವು, ಮೊದಲ ಮಂಜು ಬಿದ್ದ ಮೇಲೆ ವಾಪಸು. ಗದ್ದೆಯ ಜನ ಅಲ್ಲೇ. ಆಫ್ರಿಕನ್ನರಿಗೆ ಆ ಜ್ವರ ತಟ್ಟುವುದಿಲ್ಲ ಎಂಬುದು ಅರ್ಧ ಸತ್ಯ. ರಕ್ತದ ಕೆಲವು ಅನುವಂಶೀಯ ಗುಣಗಳು ಅವರಲ್ಲಿ ಹಲವರಿಗೆ ಒಂದಿಷ್ಟು ರಕ್ಷಣೆ ಕೊಟ್ಟಿದ್ದು ನಿಜ. ಭತ್ತದ ತೋಟಗಳಲ್ಲಿ ಅವರ ಮಕ್ಕಳು ಭಯಂಕರ ಪ್ರಮಾಣದಲ್ಲಿ ಸತ್ತದ್ದೂ ನಿಜ. ಆದರೆ ಆ ಅರ್ಧ ಸತ್ಯ ಒಡೆಯರಿಗೆ ಸಾಕಾಗಿತ್ತು. ಹವೆಯೇ ಹೀಗೆ ಏರ್ಪಾಡು ಮಾಡಿದೆ ಎಂದು ಹೇಳಿಬಿಟ್ಟರೆ ಯಾರೂ ತಪ್ಪಿತಸ್ಥರಲ್ಲ.

ಸವನ್ನಾ ನದಿಯ ಈಚೆ ದಡ ಮುಖ್ಯವಾಗುವುದು ಇಲ್ಲಿ. ಜಾರ್ಜಿಯಾ ಶುರುವಾದದ್ದು 1733ರಲ್ಲಿ, ಲಂಡನ್ನಿನ ಟ್ರಸ್ಟಿಗಳ ಕೈಕೆಳಗೆ. ಭೂಪಟದ ಅಕ್ಷಾಂಶ ನೋಡಿ, ಇಲ್ಲಿ ರೇಷ್ಮೆ, ದ್ರಾಕ್ಷಿ ಬೆಳೆಯಬೇಕು ಎಂದು ಅವರು ತೀರ್ಮಾನಿಸಿದ್ದರು. ಹಿಪ್ಪುನೇರಳೆ ನೆಡಬೇಕು ಎಂಬುದು ಜಮೀನಿನ ಷರತ್ತೇ ಆಗಿತ್ತು. ಟ್ರಸ್ಟಿಗಳ ಮುದ್ರೆಯಲ್ಲಿ ರೇಷ್ಮೆಹುಳುವಿನ ಚಿತ್ರ. ಧರ್ಮಾರ್ಥ ಬಂದ ಬಡವರಿಗೆ 50 ಎಕರೆ, ಸ್ವಂತ ಖರ್ಚಿನಲ್ಲಿ ಬಂದವರಿಗೂ 500 ಎಕರೆ ಮೀರುವಂತಿಲ್ಲ. 1735ರಲ್ಲಿ ಗುಲಾಮಗಿರಿಗೆ ನಿಷೇಧ. ಇದರ ಹಿಂದೆ ಬರಿಯ ದಯೆ ಇರಲಿಲ್ಲ. ದಕ್ಷಿಣಕ್ಕೆ ಸ್ಪೇನಿನ ಫ್ಲಾರಿಡಾ ಇತ್ತು, ಓಡಿಬಂದ ಗುಲಾಮರಿಗೆ ಅಲ್ಲಿ ಬಿಡುಗಡೆ ಸಿಗುತ್ತಿತ್ತು. ಗಡಿಯಲ್ಲಿ ಬಂದೂಕು ಹಿಡಿಯುವ ಸಣ್ಣ ರೈತರು ಬೇಕಿದ್ದರು, ಶತ್ರುವಿನ ಕಡೆಗೆ ಓಡುವ ಆಳುಗಳಲ್ಲ.

ಸವನ್ನಾ ಪಟ್ಟಣದ ಹಲವರಿಗೆ ಇದು ಹಿಡಿಸಲಿಲ್ಲ. ಗುಲಾಮರಿಗೆ ಅನುಮತಿ ಬೇಕೆಂದು 1738ರ ಡಿಸೆಂಬರಿನಲ್ಲಿ ಅವರು ಅರ್ಜಿ ಹಾಕಿದರು. ಅಗ್ಗದ ಆಳುಗಳಿರುವ ಕೆರೊಲಿನಾದ ಎದುರು ತಮ್ಮ ವ್ಯಾಪಾರ ನಿಲ್ಲುವುದಿಲ್ಲ ಎಂಬುದು ಅವರ ಲೆಕ್ಕ. ಈ ಸೆಕೆಯಲ್ಲಿ ಬಿಳಿಯರಿಂದ ದುಡಿಮೆ ಆಗದು ಎಂಬ ಮಾತು ಜೊತೆಗೆ. ಎದುರಾಗಿ ಎರಡು ಮನವಿಗಳು ಬಂದವು. ಡೇರಿಯನ್ ಎಂಬ ಊರಿನ ಸ್ಕಾಟಿಷ್ ಗುಡ್ಡಗಾಡಿನವರು, ಒಂದು ಮನುಷ್ಯಕುಲವನ್ನು ತಲೆಮಾರುಗಟ್ಟಲೆ ಗುಲಾಮಗಿರಿಗೆ ದೂಡುವುದು ಮನುಷ್ಯ ಸ್ವಭಾವಕ್ಕೇ ಒಗ್ಗದ ಕೆಲಸ ಎಂಬರ್ಥದ ಮಾತು ಬರೆದರು. ಇನ್ನೊಂದು ಎಬೆನೆಜರಿನ ಮನವಿ. ಅದರಲ್ಲೂ ಕಳ್ಳತನದ ಭಯ, ಪ್ರಾಣಭಯದ ಮಾತುಗಳಿವೆ. ಅದು ಆಫ್ರಿಕನ್ನರ ಮೇಲಿನ ಪ್ರೀತಿಯ ಪತ್ರವಲ್ಲ. ಆದರೂ ಗದ್ದೆಯಲ್ಲಿ ಕೈಯಾರೆ ದುಡಿದವರು ಸೆಕೆಯ ವಾದವನ್ನು ನಗೆಯಲ್ಲಿ ತಳ್ಳಿಹಾಕಿದ್ದಕ್ಕೆ ಅದು ಸಾಕ್ಷಿ.

ಅದೇ ವರ್ಷ ಸೆಪ್ಟೆಂಬರ್ 9ರಂದು ಆಚೆ ದಡದ ವಸಾಹತಿನಲ್ಲಿ, ಸ್ಟೊನೊ ನದಿಯ ಬಳಿ, ಸುಮಾರು 20 ಗುಲಾಮರು ಆಯುಧ ಹಿಡಿದು ಫ್ಲಾರಿಡಾದ ಕಡೆಗೆ ಹೊರಟರು. ದಾರಿಯಲ್ಲಿ ಇನ್ನಷ್ಟು ಜನ ಸೇರಿಕೊಂಡರು. ದಂಗೆಯನ್ನು ಹೊಸಕಿಹಾಕಿದ ಕೆರೊಲಿನಾ, 1740ರಲ್ಲಿ ಕಠಿಣವಾದ ಗುಲಾಮ ಕಾನೂನು ತಂದಿತು. ಗುಲಾಮರಿಗೆ ಬರವಣಿಗೆ ಕಲಿಸುವುದೂ ಅಪರಾಧವಾಯಿತು. ಹವೆಯೇ ಎಲ್ಲವನ್ನೂ ಏರ್ಪಾಡು ಮಾಡಿದ್ದರೆ ಇಷ್ಟು ಕಾನೂನು ಬೇಕಾಗುತ್ತಿರಲಿಲ್ಲ.

ಕೊನೆಗೆ ಜಾರ್ಜಿಯಾದ ನಿಷೇಧವೂ ಬಿತ್ತು. 1751ರ ಜನವರಿ 1ರಿಂದ ಗುಲಾಮಗಿರಿ ಅಲ್ಲಿ ಕಾನೂನುಬದ್ಧ. ನದಿಯ ಹರಿವು ಬದಲಾಗಿರಲಿಲ್ಲ, ಸೆಕೆ ಹೆಚ್ಚಿರಲಿಲ್ಲ. ಬದಲಾದದ್ದು ಕಾಗದ ಮಾತ್ರ. 1750ರಲ್ಲಿ 500ಕ್ಕೂ ಕಡಿಮೆಯಿದ್ದ ಗುಲಾಮರ ಸಂಖ್ಯೆ 1775ರ ಹೊತ್ತಿಗೆ ಸುಮಾರು 18,000 ಆಯಿತು. ಕೆರೊಲಿನಾದ ದುಡ್ಡುಳ್ಳವರು ನದಿ ದಾಟಿ ಬಂದು ಭರತದ ಗದ್ದೆಗಳನ್ನು ಹಿಡಿದರು. ಎಬೆನೆಜರಿನ ಕೆಲವರೂ ಗುಲಾಮರನ್ನು ಕೊಂಡರು.

ಒಡೆಯರು ಬೇಸಿಗೆಗೆ ಬಿಟ್ಟುಹೋಗುತ್ತಿದ್ದ ಆ ಕರಾವಳಿಯಲ್ಲಿ, ದ್ವೀಪಗಳಲ್ಲಿ, ಉಳಿದ ಜನ ತಮ್ಮದೇ ಒಂದು ನುಡಿ ಕಟ್ಟಿಕೊಂಡರು: ಗಲ್ಲಾ. ಪದಗಳು ಬಹುಪಾಲು ಇಂಗ್ಲಿಷಿನವು. ವ್ಯಾಕರಣದಲ್ಲಿ, ಉಚ್ಚಾರದಲ್ಲಿ, ಮನೆಯಲ್ಲಿ ಕರೆಯುವ ಹೆಸರುಗಳಲ್ಲಿ ಆಫ್ರಿಕದ ಹಲವು ಭಾಷೆಗಳ ಗುರುತು. ಬಹುಕಾಲ ಇದನ್ನು ಕೆಟ್ಟ ಇಂಗ್ಲಿಷ್ ಎಂದೇ ತಳ್ಳಿಹಾಕುತ್ತಿದ್ದರು. 1930ರ ದಶಕದಲ್ಲಿ ಆ ಊರುಗಳಿಗೆ ಹೋಗಿ ಮಾತು ಧ್ವನಿಮುದ್ರಿಸಿಕೊಂಡ ಕರಿಯ ಭಾಷಾವಿಜ್ಞಾನಿ ಲೊರೆಂಜೊ ಡೌ ಟರ್ನರ್, 1949ರ ತಮ್ಮ ಗ್ರಂಥದಲ್ಲಿ ಸಾವಿರಾರು ಪದ, ಹೆಸರುಗಳ ಆಫ್ರಿಕನ್ ಮೂಲವನ್ನು ತೋರಿಸಿಕೊಟ್ಟರು. ಅಮೆರಿಕದ ದಕ್ಷಿಣದವರು ಕಡಲೆಕಾಯಿಗೆ ಅನ್ನುವ ‘ಗೂಬರ್’ ಎಂಬ ಪದವೂ ಮಧ್ಯ ಆಫ್ರಿಕದ ‘ನ್ಗುಬಾ’ದಿಂದ ಬಂದದ್ದು.

ಆ ಗದ್ದೆಗಳು ಇಂದು ಬಹುಪಾಲು ಹುಲ್ಲು ಬೆಳೆದ ಜೌಗು. ಒಡ್ಡುಗಳ ಗೆರೆ ಇನ್ನೂ ಕಾಣುತ್ತದೆ. ಚಾರ್ಲ್ಸ್‌ಟನ್ನಿನ ರಸ್ತೆಬದಿಯಲ್ಲಿ ಗಲ್ಲಾ ಹೆಂಗಸರು ಹುಲ್ಲಿನ ಬುಟ್ಟಿ ಹೆಣೆದು ಮಾರುತ್ತಾರೆ. ಕೊಳ್ಳುವವರು ಅದನ್ನು ಗೋಡೆಗೆ ತೂಗುಹಾಕುತ್ತಾರೆ, ಹಣ್ಣು ಇಡುತ್ತಾರೆ. ಆ ಹೆಣಿಗೆ ಅಕ್ಕಿ ಕೇರಲು ಹುಟ್ಟಿದ್ದು.